ನಾಣ್ಯ ಬೇಡದ ಆಟದ ಕೋಣೆ

ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಮನೆಯೊಳಗೆ ತಂದಿಟ್ಟು, ಬಂಧುಗಳನ್ನೂ ಗೆಳೆಯರನ್ನೂ ಕರೆದು ಆಡಿಸುವ ಕೋಣೆಗೆ ಅಮೆರಿಕದಲ್ಲಿ ಹೋಮ್ ಆರ್ಕೇಡ್ ಎನ್ನುತ್ತಾರೆ. ಚಳಿ ಹೆಚ್ಚಿರುವ ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಅದು ಬಹುತೇಕ ನೆಲಮಾಳಿಗೆಯಲ್ಲಿರುತ್ತದೆ. ನೆಲಮಾಳಿಗೆ ಅಪರೂಪವಾದ ಕ್ಯಾಲಿಫೋರ್ನಿಯಾದಲ್ಲಿ ಕಾರು ನಿಲ್ಲಬೇಕಾದ ಗ್ಯಾರೇಜೇ ಆಟದ ಕೋಣೆಯಾಗುತ್ತದೆ. ಪ್ಯಾಕ್-ಮ್ಯಾನ್, ಗ್ಯಾಲಗಾ, ಡಾಂಕಿ ಕಾಂಗ್‌ನಂಥ ವಿಡಿಯೊ ಆಟಗಳ ಆಳೆತ್ತರದ ಪೆಟ್ಟಿಗೆಗಳು ಒಂದು ಗೋಡೆಗೆ, ಪಿನ್‌ಬಾಲ್ ಯಂತ್ರಗಳು ಎದುರು ಗೋಡೆಗೆ, ನಡುವೆ ಜನ ಓಡಾಡಲು ಜಾಗ. ಹಳೆಯ ಕಾಲದ ಈ ಯಂತ್ರಗಳು ಮನೆಗೆಂದು ತಯಾರಾದವಲ್ಲ. ಬಾರಿನ ಮೂಲೆಯಲ್ಲಿ, ಪಿಜ್ಜಾ ಅಂಗಡಿಯಲ್ಲಿ, ಮಾಲ್‌ನ ಗೇಮ್ ಪಾರ್ಲರಿನಲ್ಲಿ ನಿಂತು ಚಿಲ್ಲರೆ ದುಡಿಯಲೆಂದು ಹುಟ್ಟಿದವು ಇವು. ಆಡುವವರನ್ನು ಎರಡು-ಮೂರು ನಿಮಿಷದಲ್ಲಿ ಸೋಲಿಸಿ, ಮುಂದಿನ ನಾಣ್ಯಕ್ಕೆ ಕಾಯುವುದೇ ಅವುಗಳ ಕಸುಬು. ಗಿರಾಕಿಯನ್ನು ಬೇಗ ಸಾಗಹಾಕಲು ಹುಟ್ಟಿದ ಯಂತ್ರವನ್ನು ಅತಿಥಿಯನ್ನು ಉಳಿಸಿಕೊಳ್ಳುವಂತೆ ಪಳಗಿಸುವುದೇ ಇಂಥ ಕೋಣೆಯ ಆತಿಥ್ಯದ ತಿರುಳು. ಯಾವ ಯಂತ್ರ ಕೊಳ್ಳಬೇಕು, ಎಷ್ಟು ಸದ್ದು ಇಡಬೇಕು, ಕಾಫಿ ಲೋಟ ಎಲ್ಲಿಡಬೇಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ನಾಣ್ಯದ ಹಿಡಿತ ಈ ಉದ್ಯಮದ ಹುಟ್ಟಿನಿಂದಲೇ ಇದೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್ ಪಟ್ಟಣದ ಆಂಡಿ ಕ್ಯಾಪ್ಸ್ ಟ್ಯಾವರ್ನ್ ಎಂಬ ಬಾರಿನಲ್ಲಿ ಅಟಾರಿ ಕಂಪನಿ 1972ರಲ್ಲಿ ಪಾಂಗ್ ಆಟದ ಮಾದರಿ ಯಂತ್ರವನ್ನು ಇಟ್ಟಿತು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆಯೆಂದು ಬಾರಿನಿಂದ ಕರೆ ಬಂತು. ಅದನ್ನು ರೂಪಿಸಿದ್ದ ಎಂಜಿನಿಯರ್ ಅಲನ್ ಅಲ್ಕಾರ್ನ್ ಹೋಗಿ ತೆರೆದು ನೋಡಿದರೆ, ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ ಇನ್ನೊಂದು ಕಾಸಿಗೂ ಜಾಗವಿರಲಿಲ್ಲ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ಸ್ಪೇಸ್ ಇನ್‌ವೇಡರ್ಸ್, 1980ರಲ್ಲಿ ನಾಮ್ಕೊ ಕಂಪನಿಯ ಪ್ಯಾಕ್-ಮ್ಯಾನ್ ಬಂದ ಮೇಲಂತೂ ಅಮೆರಿಕದ ಊರೂರಿನಲ್ಲಿ ಇಪ್ಪತ್ತೈದು ಸೆಂಟಿನ ನಾಣ್ಯ, ಅಂದರೆ ಕ್ವಾರ್ಟರ್, ಮಕ್ಕಳ ಜೇಬಿನ ಅತ್ಯಂತ ಬೆಲೆಬಾಳುವ ವಸ್ತುವಾಯಿತು. ಆಟವನ್ನೂ ಊಟವನ್ನೂ ಒಂದೇ ಸೂರಿನಡಿ ತಂದು, ಮಕ್ಕಳ ಜೊತೆ ಹೆತ್ತವರೂ ಬರುವಂತೆ ಮಾಡಿದವರು ಅಟಾರಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್. 1977ರಲ್ಲಿ ಸ್ಯಾನ್ ಹೊಸೆಯಲ್ಲಿ ಶುರುವಾದ ಪಿಜ್ಜಾ ಟೈಮ್ ಥಿಯೇಟರ್ ಅವರದೇ. ಇಡೀ ಮನೆಮಂದಿ ಒಟ್ಟಿಗೆ ಕೂಡುವ ಆಟದ ಜಾಗ ಎಂಬ ಕಲ್ಪನೆಗೆ ಅಲ್ಲಿ ಗಟ್ಟಿಯಾದ ರೂಪ ಸಿಕ್ಕಿತು.

ಪಿನ್‌ಬಾಲ್‌ನ ಚರಿತ್ರೆ ಇನ್ನೂ ಹಳೆಯದು, ಕಳಂಕವೂ ಹೆಚ್ಚು. ಅದನ್ನು ಜೂಜು ಎಂದು ಬಗೆದ ನ್ಯೂಯಾರ್ಕ್ ನಗರ 1942ರಲ್ಲಿ ನಿಷೇಧಿಸಿತು. ಮೇಯರ್ ಲಾಗ್ವಾರ್ಡಿಯಾ ಸ್ವತಃ ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದ ಚಿತ್ರಗಳು ಇಂದಿಗೂ ಇವೆ. ಆಗಿನ ಯಂತ್ರಗಳಲ್ಲಿ ಗುಂಡನ್ನು ಚಿಮ್ಮಿಸಿ ಬಿಟ್ಟ ಮೇಲೆ ಆಡುವವರ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಫ್ಲಿಪರ್‌ಗಳು ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿಯೊಂದಿಗೆ. ಆದರೂ ನ್ಯೂಯಾರ್ಕಿನ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಲೇಖಕ ನಗರಸಭೆಯವರ ಕಣ್ಣೆದುರೇ ಯಂತ್ರ ಆಡಿ, ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಹೇಳಿ, ಹಾಗೆಯೇ ಹೊಡೆದು, ಇದು ಕೈಚಳಕದ ಆಟ ಎಂದು ತೋರಿಸಿದರು. ಇದೇ ಪ್ರಶ್ನೆ ಬೆಂಗಳೂರಿನಿಂದಲೂ ನ್ಯಾಯಾಲಯದ ಮೆಟ್ಟಿಲೇರಿದೆ. ನಗರದ ವಿಡಿಯೊ ಗೇಮ್ ಪಾರ್ಲರ್‌ಗಳಿಗೆ ಪರವಾನಗಿ ಬೇಕೆಂಬ ನಿಯಮವನ್ನು ಪ್ರಶ್ನಿಸಿದ ಎಂ.ಜೆ. ಶಿವಾನಿ ಪ್ರಕರಣದಲ್ಲಿ, ಅದೃಷ್ಟವೋ ಕೌಶಲವೋ ಎಂಬ ಜಿಜ್ಞಾಸೆ ನಡೆಸಿದ ಸುಪ್ರೀಂ ಕೋರ್ಟ್ 1995ರಲ್ಲಿ ಸರ್ಕಾರದ ನಿಯಂತ್ರಣಾಧಿಕಾರವನ್ನು ಎತ್ತಿಹಿಡಿಯಿತು. ಮನೆಯ ಕೋಣೆಗೆ ಬಂದ ಯಂತ್ರದ ಮೇಲೆ ಈ ಅನುಮಾನದ ನೆರಳಿಲ್ಲ. ಹಣ ಕೈಬದಲಾಗದ ಕಡೆ ಜೂಜಿನ ಮಾತೇ ಏಳುವುದಿಲ್ಲ.

ಎಂಬತ್ತರ ದಶಕದ ನಡುವಿನಿಂದ ಗೇಮ್ ಪಾರ್ಲರ್‌ಗಳು ಸೊರಗತೊಡಗಿದವು. ಟಿ.ವಿ.ಗೆ ಜೋಡಿಸಿ ಆಡುವ ಆಟಗಳೇ ಪಾರ್ಲರಿನ ಚಿತ್ರಗಳನ್ನು ಸರಿಗಟ್ಟಿದ ಮೇಲೆ ಬಾಗಿಲು ಹಾಕಿದವುಗಳ ಸಂಖ್ಯೆ ಹೆಚ್ಚಿತು. ಯಂತ್ರಗಳು ಹರಾಜಿಗೆ ಬಂದವು, ಗೋದಾಮಿನಲ್ಲಿ ದೂಳು ತಿಂದವು. ಬಾಲ್ಯದಲ್ಲಿ ಅವುಗಳ ಮುಂದೆ ಜೇಬು ಬರಿದು ಮಾಡಿಕೊಂಡಿದ್ದವರು ದೊಡ್ಡವರಾಗಿ, ಸಂಬಳ ಕಂಡು, ಅವನ್ನೇ ಕೊಂಡು ಮನೆಗೆ ತಂದರು. ಇಂದಿನ ಹೋಮ್ ಆರ್ಕೇಡ್‌ಗಳ ಬೇರು ಇಲ್ಲಿದೆ.

ಜಾಗದ ಲೆಕ್ಕ ಮೊದಲು. ಆಳೆತ್ತರದ ವಿಡಿಯೊ ಪೆಟ್ಟಿಗೆಯಾಗಲಿ ಪಿನ್‌ಬಾಲ್ ಆಗಲಿ ನೂರು ಕಿಲೋ ಮೀರಿ ತೂಗುವುದು ಸಾಮಾನ್ಯ. ಪಿನ್‌ಬಾಲಿನ ಕಾಲು ಬಿಚ್ಚಿ, ಮೇಲಿನ ತಲೆಯ ಭಾಗವನ್ನು ಮಡಚಿದರೆ ಬಾಗಿಲು ದಾಟುತ್ತದೆ. ವಿಡಿಯೊ ಪೆಟ್ಟಿಗೆ ಮಡಚುವುದಿಲ್ಲ. ಅದನ್ನು ಕೊಳ್ಳುವ ಮುನ್ನ ನೆಲಮಾಳಿಗೆಯ ಮೆಟ್ಟಿಲಿನ ತಿರುವನ್ನು ಟೇಪು ಹಿಡಿದು ಅಳೆಯಲೇಬೇಕು. ಪಿನ್‌ಬಾಲ್ ಸುಮಾರು 140 ಸೆಂಟಿಮೀಟರ್ ಉದ್ದ. ಅದರ ಮುಂದೆ ಆಡುವವರೊಬ್ಬರು, ಅವರ ಹಿಂದೆ ಹಾದುಹೋಗುವವರೊಬ್ಬರು ಇರುತ್ತಾರೆಂದು ಜಾಗ ಬಿಡದಿದ್ದರೆ ಹತ್ತು ಜನ ಸೇರಿದೊಡನೆ ಕೋಣೆ ಕಟ್ಟಿಹೋಗುತ್ತದೆ. ಎರಡು ಯಂತ್ರಗಳ ಆಸೆ ಬಿಟ್ಟು ಆ ಜಾಗಕ್ಕೆ ಒಂದು ಬೆಂಚು ಹಾಕಿದ ಕೋಣೆಯಲ್ಲಿ ಜನ ಹೆಚ್ಚು ಹೊತ್ತು ಕೂರುತ್ತಾರೆ. ಸಂಗ್ರಾಹಕರಿಗೆ ಈ ಮಾತು ರುಚಿಸುವುದು ಕಷ್ಟ, ಆದರೆ ಅತಿಥಿಗಳ ದೃಷ್ಟಿಯಿಂದ ಬೆಂಚೇ ಸರಿ.

ವಿದ್ಯುತ್ತಿನ ಲೆಕ್ಕವೂ ಇದೆ. ಅಮೆರಿಕದ ಮನೆಗಳ ಸಾಮಾನ್ಯ ಸರ್ಕಿಟ್ 120 ವೋಲ್ಟ್, 15 ಆಂಪಿಯರ್‌ನದು, ಅಂದರೆ 1,800 ವಾಟ್. ಬಹಳ ಹೊತ್ತು ಎಳೆಯುವ ಹೊರೆಗೆ ಅದರ ಶೇ 80ರಷ್ಟನ್ನು, ಅಂದರೆ 1,440 ವಾಟನ್ನು ಮಿತಿಯೆಂದು ಹಿಡಿಯುತ್ತಾರೆ. ಯಂತ್ರಗಳು ಓಡುತ್ತಿರುವ ಸರ್ಕಿಟ್ಟಿಗೇ ಮೈಕ್ರೊವೇವ್ ಒಲೆಯನ್ನೂ ಸಿಕ್ಕಿಸಿದರೆ, ಪಾಪ್‌ಕಾರ್ನ್ ಬಿಸಿಯಾಗುವ ಮೊದಲೇ ಎಲ್ಲ ಪರದೆಗಳೂ ಒಮ್ಮೆಲೇ ಆರಬಹುದು.

ಯಂತ್ರಗಳ ಆಯ್ಕೆಯಲ್ಲಿ ಸಂಗ್ರಹದ ಹೆಮ್ಮೆಗೂ ಆತಿಥ್ಯಕ್ಕೂ ತಿಕ್ಕಾಟ ಶುರುವಾಗುತ್ತದೆ. ವಿಲಿಯಮ್ಸ್ ಕಂಪನಿಯ ಡಿಫೆಂಡರ್ ಸಂಗ್ರಾಹಕರು ಕೊಂಡಾಡುವ ಆಟ. ಒಂದು ಜಾಯ್‌ಸ್ಟಿಕ್ ಕಡ್ಡಿಯ ಜೊತೆ ಐದು ಗುಂಡಿಗಳು, ಎಲ್ಲವನ್ನೂ ಒಟ್ಟೊಟ್ಟಿಗೆ ನಿಭಾಯಿಸಬೇಕು. ಮೊದಲ ಸಲ ಮುಟ್ಟಿದವರು ಅರ್ಧ ನಿಮಿಷದಲ್ಲಿ ಸೋತು ಮುಖ ಸಪ್ಪಗೆ ಮಾಡಿ ಸರಿಯುತ್ತಾರೆ. ಪ್ಯಾಕ್-ಮ್ಯಾನ್‌ನಲ್ಲಿ ಒಂದು ಜಾಯ್‌ಸ್ಟಿಕ್ ಬಿಟ್ಟರೆ ಆಡಲು ಗುಂಡಿಯೇ ಇಲ್ಲ. ಅದನ್ನು ರೂಪಿಸಿದ ತೋರು ಇವಾತಾನಿ, ಗಂಡುಹುಡುಗರ ಅಡ್ಡೆಯಾಗಿದ್ದ ಪಾರ್ಲರಿಗೆ ಹೆಂಗಸರೂ ಜೋಡಿಗಳೂ ಬರಬೇಕೆಂಬ ಆಸೆಯಿಂದಲೇ ಕೊಲ್ಲುವ ಆಟದ ಬದಲು ತಿನ್ನುವ ಆಟವನ್ನು ಆಯ್ದುಕೊಂಡವರು. ಯಾರೂ ಏನೂ ಹೇಳಿಕೊಡದೆ ಆರು ವರ್ಷದ ಮಗುವೂ ಅರವತ್ತರ ಅಜ್ಜಿಯೂ ಅದನ್ನು ಆಡಬಲ್ಲರು. ಅದರ ಬೆನ್ನಿಗೇ ಬಂದ ಮಿಸ್ ಪ್ಯಾಕ್-ಮ್ಯಾನ್‌ನಲ್ಲಿ ಜಟಿಲಮಾರ್ಗ ಬದಲಾಗುತ್ತದೆ, ಭೂತಗಳ ನಡೆಯನ್ನು ಬಾಯಿಪಾಠ ಮಾಡಲಾಗುವುದಿಲ್ಲ. ಹೀಗಾಗಿ ಪಳಗಿದವರಿಗೂ ಬೇಸರವಾಗದು. ಕೋಣೆಗೆ ಒಂದೇ ವಿಡಿಯೊ ಯಂತ್ರ ಎಂದಾದರೆ ಇದಕ್ಕಿಂತ ಒಳ್ಳೆಯದಿಲ್ಲ.

ಒಬ್ಬರು ಆಡುವಾಗ ಉಳಿದವರು ಕೈಕಟ್ಟಿ ನಿಲ್ಲುವ ಯಂತ್ರಗಳಿಗಿಂತ ಹಲವರು ಒಟ್ಟಿಗೆ ಹೆಗಲು ತಾಕಿಸಿ ಆಡುವ ಯಂತ್ರಗಳು ಮನೆಕೂಟಕ್ಕೆ ಹೆಚ್ಚು ಒದಗುತ್ತವೆ. 1985ರ ಗಾಂಟ್ಲೆಟ್, 1989ರಲ್ಲಿ ಕೊನಾಮಿ ತಂದ ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್, 1991ರ ಸಿಂಪ್ಸನ್ಸ್‌ಗಳಲ್ಲಿ ನಾಲ್ವರು ಒಂದೇ ಪಕ್ಷದವರು. ಚೆನ್ನಾಗಿ ಆಡುವ ಅಣ್ಣ ಆಡಲು ಬಾರದ ತಂಗಿಯನ್ನು ಕಾಯುತ್ತಾ ಮುಂದೆ ಸಾಗಬಹುದು. ಗಾಂಟ್ಲೆಟ್‌ನಲ್ಲಿ ಆಡುವವರ ಪ್ರಾಣಶಕ್ತಿ ಸುಮ್ಮನೆ ನಿಂತರೂ ಕ್ಷಣಕ್ಷಣಕ್ಕೆ ಇಳಿಯುತ್ತದೆ. ಅದನ್ನು ಏರಿಸುವ ಸುಲಭದ ದಾರಿ ಇನ್ನೊಂದು ನಾಣ್ಯ ಹಾಕುವುದು. ವ್ಯಾಪಾರದ ಈ ಕಟು ಜಾಣ್ಮೆ ಮನೆಗೆ ಬಂದೊಡನೆ ಉಪಕಾರವಾಗುತ್ತದೆ. ನಾಣ್ಯದ ಹಂಗಿಲ್ಲದ ಕಾರಣ ಯಾರೂ ಸಾಯುವುದಿಲ್ಲ, ನಾಲ್ವರೂ ಕೊನೆಯವರೆಗೆ ಜೊತೆಗಿರುತ್ತಾರೆ. ಗಾಜಿನ ಮೇಜಿನಂತೆ ಕಾಣುವ ಕಾಕ್‌ಟೇಲ್ ಮಾದರಿ ಯಂತ್ರಗಳದು ಇನ್ನೊಂದು ಅನುಕೂಲ. ಇಬ್ಬರು ಎದುರುಬದುರು ಕುರ್ಚಿ ಹಾಕಿ ಕೂರುತ್ತಾರೆ, ಎರಡನೆಯವರ ಸರದಿ ಬಂದಾಗ ಚಿತ್ರ ಅವರ ಕಡೆಗೆ ತಿರುಗುತ್ತದೆ. ಮಂಡಿನೋವಿನ ಹಿರಿಯರಿಗೆ ನಿಂತು ಆಡುವ ಕಷ್ಟ ತಪ್ಪುತ್ತದೆ. ಮಕ್ಕಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಭಾರತದಿಂದ ಬಂದ ಅಪ್ಪ-ಅಮ್ಮಂದಿರು ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಪಿನ್‌ಬಾಲ್ ಇಲ್ಲದೆ ಕೋಣೆ ಪೂರ್ತಿಯಾಗದು ಎನ್ನುವವರು ಬಹಳ. ಎರಡೇ ಗುಂಡಿ, ಎಡಕ್ಕೊಂದು ಬಲಕ್ಕೊಂದು. ಒಳಗೆ ಓಡುವುದು 27 ಮಿಲಿಮೀಟರ್ ಅಡ್ಡಳತೆಯ, 80 ಗ್ರಾಂ ತೂಕದ ನಿಜವಾದ ಉಕ್ಕಿನ ಗುಂಡು. ಪರದೆಯ ಚುಕ್ಕಿಗಳಿಗೆ ಮನಸೋಲದವರೂ ಅದರ ಠಣತ್ಕಾರಕ್ಕೆ ಸೋಲುತ್ತಾರೆ. ಹೆಚ್ಚಿನ ಯಂತ್ರಗಳಲ್ಲಿ ನಾಲ್ವರು ಸರದಿಯಲ್ಲಿ ಆಡಬಹುದಾದ್ದರಿಂದ ಯಂತ್ರದ ಸುತ್ತ ಸಣ್ಣ ಗುಂಪು ತಾನಾಗಿ ಕಟ್ಟುತ್ತದೆ. ಬ್ಯಾಲಿ ಹೆಸರಿನಲ್ಲಿ 1992ರಲ್ಲಿ ಬಂದ, ಪ್ಯಾಟ್ ಲಾಲರ್ ವಿನ್ಯಾಸದ ದಿ ಆಡಮ್ಸ್ ಫ್ಯಾಮಿಲಿ 20 ಸಾವಿರಕ್ಕೂ ಹೆಚ್ಚು ಮಾರಾಟವಾಗಿ ದಾಖಲೆ ಬರೆಯಿತು. ಮನೆ ಸಂಗ್ರಹಗಳಲ್ಲಿ ಅದು ಇಂದಿಗೂ ಮತ್ತೆ ಮತ್ತೆ ಕಾಣುವುದಕ್ಕೆ ಆ ಸಂಖ್ಯೆಯೂ ಒಂದು ಕಾರಣ. ಹೊಸ ಪಿನ್‌ಬಾಲ್ ಕೊಳ್ಳುವುದಾದರೆ ಹಲವು ಸಾವಿರ ಡಾಲರ್ ತೆಗೆದಿಡಬೇಕು. ಪರದೆಯೂ ಪಿನ್‌ಬಾಲೂ ಬೇಡವೆನ್ನುವ ಅತಿಥಿಗೆ ಸ್ಕೀ-ಬಾಲ್ ಇದೆ. ಏರು ಹಲಗೆಯ ಮೇಲೆ ಚೆಂಡು ಉರುಳಿಸಿ ಗುಳಿಗೆ ಬೀಳಿಸುವ ಈ ಆಟಕ್ಕೆ ಪೇಟೆಂಟ್ ಸಿಕ್ಕಿದ್ದು 1908ರಲ್ಲಿ. ಉರುಳಿಸುವುದನ್ನು ಯಾರಿಗೂ ಕಲಿಸಬೇಕಿಲ್ಲ.

ಯಂತ್ರ ಬಂದ ಮೇಲೆ ಅದರ ಸ್ವಭಾವ ಬದಲಿಸುವ ಕೆಲಸ. ಪ್ಯಾಕ್-ಮ್ಯಾನ್ ಪೆಟ್ಟಿಗೆಯೊಳಗಿನ ಸರ್ಕಿಟ್ ಬೋರ್ಡಿನ ಮೇಲೆ ಉಗುರಿನ ತುದಿಯಿಂದ ಸರಿಸಬಹುದಾದ ಪುಟ್ಟ ಸ್ವಿಚ್ಚುಗಳ ಸಾಲೊಂದಿದೆ. ಪಾರ್ಲರ್ ಮಾಲೀಕರು ಒಂದು ನಾಣ್ಯಕ್ಕೆ ಎಷ್ಟು ಆಟ, ಒಂದು ಆಟಕ್ಕೆ ಎಷ್ಟು ಜೀವ, ಎಷ್ಟು ಅಂಕಕ್ಕೆ ಒಂದು ಜೀವ ಬಹುಮಾನ ಎಂಬುದನ್ನೆಲ್ಲ ಅಲ್ಲಿ ನಿಗದಿ ಮಾಡುತ್ತಿದ್ದರು. ಜೀವಗಳನ್ನು ಒಂದು, ಎರಡು, ಮೂರು ಅಥವಾ ಐದಕ್ಕೆ ಇಡಬಹುದು. ಮನೆಯಲ್ಲಿ ಮಾಡಬೇಕಾದದ್ದು ಸ್ಪಷ್ಟ. ನಾಣ್ಯದ ಸ್ವಿಚ್ಚನ್ನು ನಾಣ್ಯವಿಲ್ಲದೆ ಆಡಿಸುವ ಫ್ರೀ ಪ್ಲೇ ಎಂಬ ಸ್ಥಾನಕ್ಕೆ, ಜೀವವನ್ನು ಐದಕ್ಕೆ ತರುವುದು. ಡಾಂಕಿ ಕಾಂಗ್‌ನಂಥ ಕೆಲವು ಬೋರ್ಡುಗಳಲ್ಲಿ ಫ್ರೀ ಪ್ಲೇ ಇಲ್ಲವೇ ಇಲ್ಲ. ಅಲ್ಲಿ ನಾಣ್ಯ ಬಿದ್ದಾಗ ಒತ್ತಿಕೊಳ್ಳುವ ಸ್ವಿಚ್ಚಿಗೆ ತಂತಿ ಎಳೆದು ಹೊರಗೊಂದು ಗುಂಡಿ ಕೂರಿಸುತ್ತಾರೆ. ಪಿನ್‌ಬಾಲ್‌ನಲ್ಲಿ ಹೊಂದಿಸಬೇಕಾದದ್ದು ಇನ್ನೂ ಹೆಚ್ಚು. ಆಡುವ ಹಲಗೆಯ ಇಳಿಜಾರು ಸಾಮಾನ್ಯವಾಗಿ ಆರೂವರೆ ಡಿಗ್ರಿ. ಹಿಂಗಾಲನ್ನು ಸ್ವಲ್ಪ ತಗ್ಗಿಸಿದರೆ ಗುಂಡು ನಿಧಾನವಾಗುತ್ತದೆ. ಮೂರು ಗುಂಡಿನ ಆಟವನ್ನು ಐದಕ್ಕೆ ಏರಿಸಬಹುದು. ಶುರುವಿನಲ್ಲೇ ಕೈತಪ್ಪಿದ ಗುಂಡನ್ನು ಯಂತ್ರವೇ ಮರಳಿ ಕೊಡುವ ಅವಧಿಯನ್ನು ಹೆಚ್ಚಿಸಬಹುದು. ಯಂತ್ರವನ್ನು ಜೋರಾಗಿ ಅಲುಗಿಸಿದರೆ ಆಟ ನಿಲ್ಲಿಸುವುದಕ್ಕೆ ಒಳಗೊಂದು ತೂಗುಬಿಲ್ಲೆ ನೇತಾಡುತ್ತಿರುತ್ತದೆ. ಉತ್ಸಾಹದಲ್ಲಿ ಮೈಮರೆಯುವ ಮಕ್ಕಳಿಗಾಗಿ ಅದನ್ನು ಕೊಂಚ ಸಡಿಲಗೊಳಿಸುವುದು ದೊಡ್ಡ ಮನಸ್ಸಿನ ಲಕ್ಷಣ.

ಆದರೆ ಆಟ ಪೂರ್ತಿ ಬಿಟ್ಟಿಯಾದಾಗ ವಿಚಿತ್ರವೊಂದು ನಡೆಯುತ್ತದೆ. ಮೊದಲ ಗುಂಡು ಬೇಗ ಬಿದ್ದರೆ ಆಟವನ್ನು ಅರ್ಧಕ್ಕೇ ಬಿಟ್ಟು ಹೊಸದನ್ನು ಶುರು ಮಾಡುವುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಮಕ್ಕಳಲ್ಲಿ ಇದು ಹೆಚ್ಚು, ದೊಡ್ಡವರೂ ಹೊರತಲ್ಲ. ಕಾಲು ಡಾಲರ್ ತೆತ್ತವರಿಗೆ ಕೊನೆಯ ಜೀವದ ಮೇಲೂ ಮಮತೆ ಇರುತ್ತಿತ್ತು. ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯ ಸೊಗಸಾಗಿದೆ. ಯಂತ್ರದ ನಾಣ್ಯದ ಕಿಂಡಿಯನ್ನು ಮುಚ್ಚದೆ, ಕೋಣೆಯ ಬಾಗಿಲ ಬಳಿಯ ಬಟ್ಟಲೊಂದರಲ್ಲಿ ಹಿತ್ತಾಳೆಯ ಟೋಕನ್‌ಗಳನ್ನು ತುಂಬಿಟ್ಟು, ಬಂದವರಿಗೆಲ್ಲ ಒಂದೊಂದು ಹಿಡಿ ಕೊಡುವುದು. ಬೇಕಾದರೆ ಮತ್ತೆ ತೆಗೆದುಕೊಳ್ಳಬಹುದು, ಲೆಕ್ಕವಿಲ್ಲ. ಆದರೂ ಕೈಯಲ್ಲಿ ಲೋಹದ ಬಿಲ್ಲೆ ಇದ್ದಾಗ ಆಡುವ ರೀತಿಯೇ ಬೇರೆ. ಹಳೆಯ ಪಾರ್ಲರ್‌ಗಳಲ್ಲಿ ಮುಂದಿನ ಸರದಿ ತನ್ನದೆಂದು ತಿಳಿಸಲು ಗಾಜಿನ ಅಂಚಿನಲ್ಲಿ ನಾಣ್ಯ ಸಾಲಾಗಿ ಇಡುವ ರೂಢಿಯಿತ್ತು. ಟೋಕನ್ ಇದ್ದರೆ ಆ ರೂಢಿಯೂ ಮರಳುತ್ತದೆ, ಸರದಿಯ ಜಗಳ ಅರ್ಧ ಕಡಿಮೆಯಾಗುತ್ತದೆ.

ಸದ್ದಿನ ವಿಚಾರದಲ್ಲಿ ಬಹಳ ಮನೆಗಳು ಎಡವುತ್ತವೆ. ಯಾರೂ ಆಡದಿರುವಾಗಲೂ ದಾರಿಹೋಕರನ್ನು ಕರೆಯಲೆಂದು ಯಂತ್ರಗಳು ಸಂಗೀತ ನುಡಿಸುತ್ತವೆ, ಕೂಗುತ್ತವೆ. ಮಾಲ್‌ನಲ್ಲಿ ಅದು ಬೇಕಿತ್ತು. ಎಂಟು ಯಂತ್ರಗಳು ಒಂದೇ ಕೋಣೆಯಲ್ಲಿ ಹೀಗೆ ಕೂಗಿದರೆ ಪಕ್ಕದಲ್ಲಿರುವ ಚಿಕ್ಕಮ್ಮನ ಮಾತೂ ಕೇಳಿಸದು. ಈ ಕರೆಯ ಸದ್ದನ್ನು ಮಾತ್ರ ನಿಲ್ಲಿಸುವ ಏರ್ಪಾಡು ಹಲವು ಯಂತ್ರಗಳಲ್ಲಿದೆ. ಇಲ್ಲದ ಕಡೆ ಒಳಗಿನ ವಾಲ್ಯೂಮ್ ತಿರುಪನ್ನು ಒಂದೊಂದಾಗಿ ತಗ್ಗಿಸಿ, ಎಲ್ಲವೂ ಒಟ್ಟಿಗೆ ಓಡುವಾಗ ಮಾತಾಡಿ ನೋಡಬೇಕು. ಬೆಳಕು ಮಂದವಿರಬೇಕು, ಪರದೆಯ ಮೇಲೆ ದೀಪದ ಬಿಂಬ ಬೀಳಬಾರದು. ಆದರೆ ಮೆಟ್ಟಿಲಿಗೂ ಬೆಂಚಿಗೂ ಕತ್ತಲೆ ಸಲ್ಲದು.

ಜನ ಬರುವ ಹಿಂದಿನ ದಿನವೇ ಎಲ್ಲ ಯಂತ್ರಗಳನ್ನೂ ಕೆಲವು ಗಂಟೆ ಓಡಿಸಿ ನೋಡುವುದು ವಾಡಿಕೆ. ಪಿನ್‌ಬಾಲ್‌ನ ಗಾಜು ಸರಿಸಿ ತೆಗೆದು ಹಲಗೆಯನ್ನು ಬಟ್ಟೆಯಿಂದ ಒರೆಸಿದರೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತದೆ. ಗುಂಡು ತಿಕ್ಕಿ, ರಬ್ಬರ್ ಸವೆದು, ಕಾಯಿಲ್‌ಗಳು ಬಡಿದು ಉದುರಿದ ಪುಡಿ ಅದು. ಗುಂಡನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ ಅದರ ಮೈಯಲ್ಲಿ ಗೀರು ಕಂಡರೆ ಆಗಲೇ ಬದಲಿಸಬೇಕು. ಹೊಸ ಗುಂಡಿಗೆ ಕೆಲವೇ ಡಾಲರ್, ಗೀರು ಬಿದ್ದ ಗುಂಡು ತಿಂದುಹಾಕುವ ಬಣ್ಣದ ಹಲಗೆಗೆ ನೂರಾರು. ಎಂಬತ್ತರ ದಶಕದ ಯಂತ್ರವಾದರೆ ಬೋರ್ಡಿನ ಮೇಲಿನ ಬ್ಯಾಟರಿಯನ್ನೂ ನೋಡಬೇಕು. ಅದು ಸೋರಿದರೆ ಹಸಿರುಗಟ್ಟಿದ ಕ್ಷಾರ ತಾಮ್ರದ ಗೆರೆಗಳನ್ನೇ ಕರಗಿಸುತ್ತದೆ. ಮೂವತ್ತು-ನಲವತ್ತು ವರ್ಷದ ಯಂತ್ರ ಎಷ್ಟೇ ಜೋಪಾನ ಮಾಡಿದರೂ ಕೂಟದ ನಡುವೆ ಕೈಕೊಡಬಹುದು. ಆಗ ಬಾಗಿಲು ತೆರೆದು ತಲೆ ಒಳಗಿಟ್ಟು ಬೆಸುಗೆ ಕಡ್ಡಿ ಹಿಡಿಯುವ ಆತಿಥೇಯರಿಗೆ ಯಂತ್ರ ಮುಖ್ಯವಾಗಿ ಅತಿಥಿ ಗೌಣವಾಗುತ್ತಾರೆ. ಸ್ವಿಚ್ ಆರಿಸಿ, ಮೇಲೊಂದು ಚೀಟಿ ಅಂಟಿಸಿ ಮುಂದೆ ಹೋಗುವುದೇ ಸರಿ.

ಮಕ್ಕಳಿರುವ ಕೂಟದಲ್ಲಿ ಒಂದು ಎಚ್ಚರಿಕೆ ಕಡ್ಡಾಯ. ಹಳೆಯ ಪೆಟ್ಟಿಗೆಯ ಪರದೆ ಪಿಕ್ಚರ್ ಟ್ಯೂಬಿನದು. ಅದರೊಳಗೆ 20 ಸಾವಿರ ವೋಲ್ಟ್ ಆಸುಪಾಸಿನ ವಿದ್ಯುತ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಲಹೊತ್ತು ಉಳಿದಿರಬಹುದು. ಹಿಂಬದಿಯ ಬಾಗಿಲಿಗೆ ಬೀಗ ಬೇಕೇಬೇಕು. ನಾಣ್ಯದ ಕಿಂಡಿಯಿರುವ ಮುಂಬಾಗಿಲು ಲೋಹದ್ದು, ಆದ್ದರಿಂದ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದಿದ್ದರೆ ಆ ಯಂತ್ರವನ್ನು ಸರಿಪಡಿಸುವವರೆಗೆ ಯಾರೂ ಮುಟ್ಟಬಾರದು.

ತಿಂಡಿಯ ಮೇಜು ಯಂತ್ರಗಳಿಂದ ದೂರ, ಆದರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. ಪಿನ್‌ಬಾಲ್‌ನ ಗಾಜು ಮೇಜಿನ ಹಾಗೇ ಕಾಣುವುದರಿಂದ ಲೋಟ ಇಡಲು ಕೈ ತಾನಾಗಿ ಹೋಗುತ್ತದೆ. ಪ್ರತಿ ಎರಡು ಯಂತ್ರಗಳ ನಡುವೆ ಲೋಟ ಹಿಡಿಯುವ ಸಣ್ಣ ಹಲಗೆ ಹೊಡೆದರೆ ಯಾರಿಗೂ ಬೇಡವೆಂದು ಹೇಳಬೇಕಾಗುವುದಿಲ್ಲ. ಎಣ್ಣೆ ಮೆತ್ತಿದ ಬೆರಳು ಗುಂಡಿಗಳಿಗೆ ಶತ್ರು. ಬಹುತೇಕ ಯಂತ್ರಗಳಲ್ಲಿ ಎಡಗೈಗೆ ಜಾಯ್‌ಸ್ಟಿಕ್, ಬಲಗೈಗೆ ಗುಂಡಿ. ಚಕ್ಕುಲಿ, ಕೋಡುಬಳೆ, ಬಜ್ಜಿ ತಿನ್ನುವುದೂ ಬಲಗೈಯೇ. ಕನ್ನಡಿಗರ ಮನೆಯಲ್ಲಿ ಒದ್ದೆ ಕರವಸ್ತ್ರಗಳ ತಟ್ಟೆ ತಿಂಡಿಯ ಜೊತೆಗೇ ಇರುವುದು ಲೇಸು.

ಆಡದವರ ವಿಚಾರ ಸಾಮಾನ್ಯವಾಗಿ ಮರೆತುಹೋಗುತ್ತದೆ. ಕರೆದ ಇಪ್ಪತ್ತು ಜನರಲ್ಲಿ ಕೆಲವರಿಗಾದರೂ ಈ ಯಂತ್ರಗಳು ಏನೂ ಅಲ್ಲ. ಅವರಿಗೆ ಆಟ ಕಾಣುವ, ಆದರೆ ಸದ್ದು ತಟ್ಟದ ಕಡೆ ಕುರ್ಚಿ ಹಾಕಬೇಕು. ಕೇರಂ ಬೋರ್ಡೋ ಇಸ್ಪೀಟೋ ಅಲ್ಲೇ ಇದ್ದರೆ ಅದೂ ಒಂದು ಮೂಲೆಯಲ್ಲಿ ನಡೆಯುತ್ತದೆ. ಎಲ್ಲರನ್ನೂ ಯಂತ್ರದ ಮುಂದೆ ನಿಲ್ಲಿಸಿಯೇ ತೀರುವ ಹಟದಿಂದ ಅತಿಥಿಗಳು ದಣಿಯುತ್ತಾರೆ.

ಸ್ಪರ್ಧೆ ಇಟ್ಟರೆ ಕೂಟಕ್ಕೆ ಒಂದು ಬಿಗಿ ಬರುತ್ತದೆ. ಪ್ಯಾಕ್-ಮ್ಯಾನ್‌ನಂಥ ಹಳೆಯ ಯಂತ್ರಗಳು ಸ್ವಿಚ್ ಆರಿಸಿದೊಡನೆ ಗರಿಷ್ಠ ಅಂಕವನ್ನು ಮರೆಯುತ್ತವೆ. ಗೋಡೆಗೊಂದು ಕಪ್ಪುಹಲಗೆ ತೂಗುಹಾಕಿ, ಹೆಸರು, ಅಂಕ, ತಾರೀಕು ಬರೆಯುವ ರೂಢಿ ಹೀಗೆ ಬಂದದ್ದು. ಅಯೋವಾ ರಾಜ್ಯದ ಒಟಮ್ವಾ ಊರಿನಲ್ಲಿ ವಾಲ್ಟರ್ ಡೇ 1981ರಲ್ಲಿ ತೆರೆದ ಟ್ವಿನ್ ಗ್ಯಾಲಕ್ಸೀಸ್ ಎಂಬ ಪಾರ್ಲರ್ ದೇಶದ ಅಂಕಗಳನ್ನೆಲ್ಲ ದಾಖಲಿಸುವ ಕಚೇರಿಯಾಗಿ ಬೆಳೆದದ್ದರ ಹಿಂದೆ ಇರುವುದೂ ಇದೇ ಆಸೆ. ಮನೆಯ ಪಂದ್ಯದಲ್ಲಿ ಒಂದು ಸಲ ಸೋತವರು ಹೊರಗೆ ಎಂಬ ಪದ್ಧತಿ ಒಳ್ಳೆಯದಲ್ಲ, ಹೊಸಬರು ಹತ್ತು ನಿಮಿಷದಲ್ಲಿ ಪ್ರೇಕ್ಷಕರಾಗುತ್ತಾರೆ. ಎಲ್ಲರೂ ಅವೇ ಯಂತ್ರಗಳನ್ನು ಆಡಿ, ಪ್ರತಿ ಯಂತ್ರದಲ್ಲಿ ಪಡೆದ ಸ್ಥಾನಗಳನ್ನು ಕೂಡಿಸುವುದು ನ್ಯಾಯ. ಪಳಗಿದವರ ಜೊತೆ ಮಕ್ಕಳನ್ನು ಜೋಡಿ ಕಟ್ಟಿ, ಪಿನ್‌ಬಾಲ್‌ನ ಒಂದು ಫ್ಲಿಪರ್ ಒಬ್ಬರಿಗೆ, ಇನ್ನೊಂದು ಇನ್ನೊಬ್ಬರಿಗೆ ಕೊಟ್ಟು ಆಡಿಸುವುದುಂಟು. ಕೋಣೆಯ ಅತಿ ದೊಡ್ಡ ನಗೆ ಏಳುವುದು ಅಲ್ಲೇ.

ಕೆಲವು ಸಂಗ್ರಾಹಕರ ಆತಿಥ್ಯ ಮನೆಯಂಗಳ ದಾಟುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1997ರಿಂದ ನಡೆದುಬಂದಿರುವ ಕ್ಯಾಲಿಫೋರ್ನಿಯಾ ಎಕ್ಸ್‌ಟ್ರೀಮ್ ಎಂಬ ಮೇಳಕ್ಕೆ ಖಾಸಗಿ ಸಂಗ್ರಾಹಕರು ತಮ್ಮ ಯಂತ್ರಗಳನ್ನು ಹೊತ್ತು ತರುತ್ತಾರೆ. ಪ್ರವೇಶ ಶುಲ್ಕ ಕೊಟ್ಟು ಒಳಗೆ ಬಂದವರಿಗೆ ಎಲ್ಲ ಆಟವೂ ಬಿಟ್ಟಿ. ಅಪರಿಚಿತರ ಕೈಗೆ ತಮ್ಮ ಯಂತ್ರ ಒಪ್ಪಿಸುವುದಕ್ಕೆ ಧಾರಾಳ ಮನಸ್ಸು ಬೇಕು.

ಕರ್ನಾಟಕದಲ್ಲಿ ಇಂಥ ಕೋಣೆ ಕಟ್ಟುವವರ ಲೆಕ್ಕ ಬೇರೆ. ಮೂಲ ಯಂತ್ರ ತರಿಸಿದರೆ ಬೆಲೆಗಿಂತ ಸಾಗಣೆ ಮತ್ತು ಸುಂಕವೇ ಭಾರ. ಹಲವು ಅಮೆರಿಕನ್ ಯಂತ್ರಗಳ ಟ್ರಾನ್ಸ್‌ಫಾರ್ಮರ್‌ನಲ್ಲಿ ತಂತಿ ಬದಲಿಸಿ 230 ವೋಲ್ಟಿಗೆ ಒಗ್ಗಿಸಬಹುದು, ಉಳಿದವಕ್ಕೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಪಾರ್ಟ್‌ಮೆಂಟಿನಲ್ಲಿ ಪಿನ್‌ಬಾಲ್ ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಸದಿದ್ದರೆ ಫ್ಲಿಪರ್‌ನ ಪ್ರತಿ ಹೊಡೆತವೂ ಕೆಳಮನೆಯವರ ಸೂರಿನಲ್ಲಿ ಕೇಳುತ್ತದೆ. ಸುಲಭದ ದಾರಿಗಳೂ ಇವೆ. 2018ರಲ್ಲಿ ಆರ್ಕೇಡ್1ಅಪ್ ಕಂಪನಿ ಮೂಲದ ಮುಕ್ಕಾಲು ಎತ್ತರದ, ಒಬ್ಬರೇ ಎತ್ತಬಹುದಾದ ಪೆಟ್ಟಿಗೆಗಳನ್ನು ಮನೆಗೆಂದೇ ಮಾರತೊಡಗಿತು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರು ಮಾಡಿದ ಮೇಮ್ ತಂತ್ರಾಂಶ ಹಳೆಯ ಬೋರ್ಡುಗಳನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುತ್ತದೆ. ಆಟಗಳ ಹಕ್ಕು ಮಾತ್ರ ಅವುಗಳ ಮಾಲೀಕರದೇ, ಅದನ್ನು ಬೇರೆಯಾಗಿ ಪಡೆಯಬೇಕು. ಪೆಟ್ಟಿಗೆಯನ್ನು ಊರಿನ ಬಡಗಿ 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿಕೊಡಬಲ್ಲರು. ಹೇಳಿ ಮಾಡಿಸುವಾಗ ಕಡ್ಡಿ-ಗುಂಡಿಗಳ ಹಲಗೆಯನ್ನು ನಾಲ್ವರು ನಿಲ್ಲುವಷ್ಟು ಅಗಲ ಮಾಡಿಸಿ, ಮಕ್ಕಳಿಗೆಂದು ಒಂದಡಿ ಎತ್ತರದ ಗಟ್ಟಿ ಮಣೆಯೊಂದನ್ನೂ ಜೊತೆಗೇ ಮಾಡಿಸಿಕೊಳ್ಳಬೇಕು.